ಮೈನಸ್ಸನ್ನು ಪ್ಲಸ್ ಮಾಡಿದ ಬೇಸಿಗೆ

ಆಗೆಲ್ಲ ಮದುವೆ ಮುಗಿದು ತಿಂಗಳಾದರೂ ಪೂರ್ತಿ ಮುಗಿಯುತ್ತಿರಲಿಲ್ಲ. ಚಪ್ಪರ ಬಿಚ್ಚಿ, ಬಾಡಿಗೆಯ ಪಾತ್ರೆಗಳು ವಾಪಸು ಹೋಗಿ, ನೆಂಟರೆಲ್ಲ ತಮ್ಮ ತಮ್ಮ ಊರು ಸೇರಿದ ಮೇಲೂ ಮನೆಯವರು ಒಂದು ಮಾತು ಹೇಳುತ್ತಲೇ ಇರುತ್ತಿದ್ದರು: ‘ಇನ್ನೂ ಡಿವಿಡಿ ಬಂದಿಲ್ಲ.’ ಅದು ಬಂದ ದಿನ ಓಣಿಯವರೆಲ್ಲ ಟಿವಿಯ ಮುಂದೆ ಕೂತು, ಯಾರು ಯಾವ ಸೀರೆ ಉಟ್ಟಿದ್ದರು, ಯಾರು ಊಟದ ಎರಡೂ ಪಂಕ್ತಿಯಲ್ಲಿ ಕಾಣಿಸಿಕೊಂಡರು ಎಂದು ನೋಡಿ ನಕ್ಕ ಮೇಲೆಯೇ ಮದುವೆ ಮುಗಿದಂತೆ. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಅಲಮಾರಿಯಲ್ಲಿ ಅಂಥದೊಂದು ಡಿಸ್ಕು ಇನ್ನೂ ಇರಬಹುದು. ನಮ್ಮ ಸುಧಾ ಅತ್ಯಾನ ಮದುವೆಯ ಡಿಸ್ಕಿನ ಕಥೆ ಮಾತ್ರ ಬೇರೆ. ಅದನ್ನು ಕೆಡಿಸಿದವಳು ನಾನು.

ನಮ್ಮದು ಚಿತ್ತಾಪುರ. ಅಪ್ಪ ಅಲ್ಲಿಯ ಕೋರ್ಟಿನಲ್ಲಿ ಗುಮಾಸ್ತ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಆಗಿನ್ನೂ ಅಂಬೆಗಾಲಿಡುತ್ತಿದ್ದ ತಮ್ಮ, ಮತ್ತು ಸುಧಾ ಅತ್ಯಾ. ಅತ್ಯಾ ಎಂದರೆ ಅಪ್ಪನ ತಂಗಿ. ಅಜ್ಜ, ಅಜ್ಜಿ ಇಬ್ಬರೂ ಬೇಗ ತೀರಿಹೋದದ್ದರಿಂದ ಅವಳನ್ನು ಸಾಕಿ, ಓದಿಸಿ ದೊಡ್ಡವಳನ್ನಾಗಿ ಮಾಡಿದವನು ಅಪ್ಪನೇ. ತಮ್ಮ ಹುಟ್ಟಿದ ಮೇಲೆ ಅಮ್ಮನ ಮಗ್ಗುಲು ಅವನ ಪಾಲಾಯಿತು, ನನಗೆ ಅತ್ಯಾನ ಮಗ್ಗುಲು ಸಿಕ್ಕಿತು. ಈ ಹಂಚಿಕೆಯಲ್ಲಿ ಗೆದ್ದವಳು ನಾನೇ ಎಂದು ನನಗೆ ಒಳಗೊಳಗೇ ಹೆಮ್ಮೆ.

ಬೇಸಿಗೆಯ ಮಧ್ಯಾಹ್ನ ನಡುಮನೆಯ ಶಹಾಬಾದಿ ಕಲ್ಲಿನ ಫರಸಿಗೆ ನೀರು ಚಿಮುಕಿಸಿ ಇಬ್ಬರೂ ಅದಕ್ಕೆ ಬೆನ್ನು ಹಚ್ಚಿ ಮಲಗುತ್ತಿದ್ದೆವು. ಒದ್ದೆ ಕಲ್ಲಿನ ವಾಸನೆ, ಅತ್ಯಾನ ಜಡೆಯ ಕೊಬ್ಬರಿ ಎಣ್ಣೆಯ ವಾಸನೆ, ಹೊರಗೆ ಬಿಸಿಲಿಗೆ ಒಣಹಾಕಿದ ಹಪ್ಪಳದ ವಾಸನೆ ಎಲ್ಲ ಕೂಡಿ ಬರುತ್ತಿತ್ತು. ಎಚ್ಚರವಾದ ಮೇಲೆ ಅದೇ ಫರಸಿಯ ಮೇಲೆ ಬಳಪದಿಂದ ಚೌಕಾಬಾರದ ಮನೆ ಬರೆದು, ಒಡೆದ ಹುಣಸೆ ಬೀಜ ಹಾಕಿ ಆಡುತ್ತಿದ್ದೆವು. ಅತ್ಯಾ ಬೇಕೆಂದೇ ಸೋತು ನನ್ನನ್ನು ಗೆಲ್ಲಿಸುವವಳಲ್ಲ. ಇನ್ನೇನು ಹಣ್ಣಾಗುವುದರಲ್ಲಿದ್ದ ನನ್ನ ಕಾಯಿಯನ್ನು ಹೊಡೆದು ಹೊರಗಿಟ್ಟುಬಿಡುತ್ತಿದ್ದಳು. ನಾನು ಅಳುತ್ತಿದ್ದೆ. ಆಮೇಲೆ ಅವಳೇ ಹಾಲಿನ ಪಾತ್ರೆಯ ತಳಕ್ಕೆ ಹತ್ತಿದ ಕೆನೆಯನ್ನು ಚಮಚದಿಂದ ಕೆರೆದು, ಸಕ್ಕರೆ ಬೆರೆಸಿ, ‘ಬಾಯಿ ತೆಗಿ’ ಎಂದು ತಿನ್ನಿಸುತ್ತಿದ್ದಳು. ತುಸು ಕರಕಲಾದ ಆ ಕೆನೆ ನನ್ನದು. ಅಮ್ಮನೂ ಅದನ್ನು ಕೇಳುತ್ತಿರಲಿಲ್ಲ.

ನಾನು ಐದನೇ ತರಗತಿ ಮುಗಿಸಿದ ಆ ಬೇಸಿಗೆಯಲ್ಲಿ ಸುಲೇಪೇಟದಿಂದ ಶ್ರೀಧರ ಎನ್ನುವವರು ಅವಳನ್ನು ನೋಡಲು ಬಂದರು. ದನದ ದವಾಖಾನೆಯಲ್ಲಿ ಕಂಪೌಂಡರ್. ತೆಳ್ಳಗೆ, ಎತ್ತರಕ್ಕೆ, ಅಂಗಿಗೆ ಔಷಧದ ವಾಸನೆ ಹತ್ತಿಸಿಕೊಂಡು ಬಂದಿದ್ದರು. ಅವಲಕ್ಕಿ ತಿನ್ನುತ್ತ ನನ್ನನ್ನು ಕರೆದು ಕೇಳಿದರು:

“ನಿಮ್ಮ ಅತ್ಯಾಗ ಏನೇನು ಸೇರ್ತದ?”

“ನಾ ಸೇರ್ತೀನಿ” ಎಂದೆ.

ಎಲ್ಲರೂ ನಕ್ಕರು. ಅತ್ಯಾ ಕೂಡ ಬಾಗಿಲ ಹಿಂದೆ ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಮದುವೆ ಸೇಡಂನಲ್ಲಿ ಆಯಿತು. ಎರಡೂ ಕಡೆಯವರಿಗೆ ಅದೇ ನಡುವಿನ ಊರು. ವಿಡಿಯೋ ತೆಗೆದವನು ನಮ್ಮ ಚಿತ್ತಾಪುರದ ರಫೀಕ್. ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಸಣ್ಣ ಅಂಗಡಿ. ಮದುವೆ, ಮುಂಜಿವೆ, ಶಾಲೆಯ ಗ್ಯಾದರಿಂಗ್ ಎಲ್ಲದಕ್ಕೂ ಅವನ ಕ್ಯಾಮೆರಾನೇ. ಅಪ್ಪ ಕಲಿತ ಶಾಲೆಯಲ್ಲೇ ಅಪ್ಪನಿಗಿಂತ ಹಿಂದಿನ ತರಗತಿಯಲ್ಲಿ ಕಲಿತವನು. ನಾನು ಇಡೀ ಮದುವೆಯಲ್ಲಿ ಅತ್ಯಾನ ಸೆರಗು ಹಿಡಿದು ನಿಂತದ್ದರಿಂದ ಅವನು ನೂರು ಸಲ “ಬೇಟಿ, ಸ್ವಲ್ಪ ಸರಿ, ಮದುಮಗ ಕಾಣವಲ್ಲ” ಎಂದು ಕೂಗಿದ. ಮದುಮಗ ಕಾಣದಿದ್ದರೆ ನನಗೇನೂ ಬೇಜಾರಿರಲಿಲ್ಲ.

ಮರುದಿನ ಪದ್ಧತಿಯಂತೆ ಮದುಮಕ್ಕಳು ನಮ್ಮ ಮನೆಗೆ ಬಂದರು. ಅವರು ಸುಲೇಪೇಟಕ್ಕೆ ಹೊರಡುವ ಮುಂಚೆ ಅಪ್ಪ ನನ್ನನ್ನು ಕರೆದುಕೊಂಡು ರಫೀಕನ ಅಂಗಡಿಗೆ ಹೋದ. ಎರಡು ಡಿವಿಡಿ ಬೇಕು, ಒಂದು ನಮಗೆ, ಒಂದು ಬೀಗರಿಗೆ ಎಂದ. ಅಲ್ಲಿ ಕಂಪ್ಯೂಟರಿನ ಪಕ್ಕದಲ್ಲಿ ಒಂದು ಸರಳಿಗೆ ಏರಿಸಿದ ಖಾಲಿ ಡಿಸ್ಕುಗಳು ಬಳೆಗಳ ಹಾಗೆ ಹೊಳೆಯುತ್ತಿದ್ದವು.

“ಬೀಗರ ಮನ್ಯಾಗ ಪ್ಲೇಯರ್ ಯಾವುದದ, ಸರ್?” ರಫೀಕ್ ಕೇಳಿದ.

“ಯಾವುದಿದ್ರೇನು? ಡಿವಿಡಿ ಪ್ಲೇಯರ್ ಅದಪ.”

“ಹಾಂಗಲ್ಲ. ನೋಡ್ರಿ ಇಲ್ಲಿ.” ಅವನು ಎರಡು ಡಿಸ್ಕು ತೆಗೆದು ನಮ್ಮ ಮುಂದೆ ಹಿಡಿದ. ನೋಡಲು ಅವಳಿಜವಳಿ. “ಇದರ ಮ್ಯಾಲೆ ಏನದ ಓದು, ಬೇಟಿ.”

ಒಂದರ ಮೇಲೆ ಡಿವಿಡಿ ಎಂಬ ಅಕ್ಷರಗಳ ಮುಂದೆ ಸಣ್ಣದೊಂದು ಅಡ್ಡಗೀಟು, ಆಮೇಲೆ ಆರ್. ಇನ್ನೊಂದರ ಮೇಲೆ ಅಡ್ಡಗೀಟಿನ ಜಾಗದಲ್ಲಿ ಪ್ಲಸ್ಸಿನ ಗುರುತು.

“ಇದು ಮೈನಸ್, ಇದು ಪ್ಲಸ್” ಎಂದೆ.

“ಶಾಭಾಷ್. ಎರಡರಾಗೂ ಅಷ್ಟೇ ಹಿಡಸ್ತದ. ಆದ್ರ ಮಾಡಿದವರು ಬ್ಯಾರೆ ಬ್ಯಾರೆ. ಮೈನಸ್ ಮೊದಲ ಬಂತು, ಪ್ಲಸ್ ಆಮ್ಯಾಲೆ ಬಂತು. ಹೊಸ ಪ್ಲೇಯರ್ ಎರಡೂ ಓದ್ತಾವ. ಹಳೇವು ಕೆಲವು ಮೈನಸ್ ಅಷ್ಟೇ ಓದ್ತಾವ, ಪ್ಲಸ್ ಹಾಕಿದ್ರ ಡಿಸ್ಕೇ ಇಲ್ಲ ಅಂತಾವ. ನಿಮ್ಮ ಮನೀದು ಹೊಸಾದು, ಏನ್ ಹಾಕಿದ್ರೂ ನಡೀತದ. ಅವರದು ನೋಡಬೇಕು.”

ಪಕ್ಕದಲ್ಲಿ ಇನ್ನೊಂದು ಡಿಸ್ಕಿನ ಮೇಲೆ ಆರ್ ಜೊತೆಗೆ ಡಬ್ಲ್ಯೂ ಕೂಡ ಇತ್ತು. ಅದೇನು ಎಂದು ಕೇಳಿದೆ.

“ಅದು ಪಾಟಿ ಇದ್ದಂಗ. ಬರದು ಅಳಸಬಹುದು, ಮತ್ತ ಬರೀಬಹುದು. ಬರೇ ಆರ್ ಇದ್ರ ಒಮ್ಮೆ ಬರದ್ರ ಮುಗೀತು, ಅಳಸಲಿಕ್ಕೆ ಬರಂಗಿಲ್ಲ. ಮದುವಿಗೆ ಅದೇ ಛಲೋ.” ಅವನು ನಕ್ಕ. “ಮದುವಿನೂ ಹಂಗೇ ಅಲ್ಲೇನು?”

ಅಪ್ಪ ನಕ್ಕ. ನನಗೆ ಮಾತ್ರ ಆ ಮಾತು ಎದೆಗೆ ಮುಳ್ಳು ಚುಚ್ಚಿದ ಹಾಗೆ ಆಯಿತು. ಅಲ್ಲಿಯವರೆಗೆ ಮದುವೆ ಎಂದರೆ ಅತ್ಯಾ ಸ್ವಲ್ಪ ದಿನ ಹೋಗಿ ಬರುವುದು ಎಂದೇ ನಾನು ಹೇಗೋ ನಂಬಿಕೊಂಡಿದ್ದೆ.

“ಶ್ರೀಧರರಾಯರಿಗೆ ಕೇಳೀನಿ” ಎಂದ ಅಪ್ಪ. “ಹಳೇದು ಅದ, ಮ್ಯಾಲೆ ಏನು ಬರದದೋ ನೆನಪಿಲ್ಲ ಅಂದ್ರು. ಹೆಂಗೂ ವಿಜಿ ಹೊಂಟಾಳ ಅತ್ಯಾನ ಕೂಡ. ಅಕಿ ನೋಡಿ ಬರ್ಕೊಂಡು ಬರ್ತಾಳ.”

ಮದುಮಗಳ ಜೊತೆಗೆ ಮೊದಲ ಸಲ ತವರಿನ ಮಗುವೊಂದನ್ನು ಕಳಿಸುವುದು ನಮ್ಮಲ್ಲಿ ರೂಢಿ, ಈ ಸಲ ಆ ಮಗು ವಿಜಿ, ಅಂದರೆ ನಾನು. ರಫೀಕ್ ನನಗೆ ಒಂದು ಚೀಟಿ ಕೊಟ್ಟ. “ಪ್ಲೇಯರ್ ಮುಂದ ಏನೇನು ಬರದದ, ಇದ್ದದ್ದು ಇದ್ದಂಗ ಬರ್ಕೊಂಡು ಬಾ. ನನ್ನ ಕಡೆ ಈಗ ಪ್ಲಸ್ ರಗಡ ಅವ. ಮೈನಸ್ ಬೇಕಂದ್ರ ಕಲಬುರ್ಗಿಗೆ ಹೋಗಿ ತರಬೇಕು.”

ಸುಲೇಪೇಟದಲ್ಲಿ ನಾನು ಐದು ದಿನ ಇದ್ದೆ. ದೊಡ್ಡ ಮನೆ, ಅಂಗಳದಲ್ಲಿ ತುಳಸಿಕಟ್ಟೆ, ಒಳಗೆ ತೊಗರಿಯ ಚೀಲಗಳ ವಾಸನೆ. ಶ್ರೀಧರ ಮಾಮಾನ ತಾಯಿ ಗಂಗಾಬಾಯಿ ಮಾತಿನಲ್ಲಿ ಚುರುಕು, ಕೈಯಲ್ಲಿ ಇನ್ನೂ ಚುರುಕು. ಮೊದಲ ದಿನವೇ ನನ್ನ ಜಡೆಯನ್ನು ತಾವೇ ಹಾಕಿದರು, ಕಣ್ಣು ಮೇಲಕ್ಕೆ ಎಳೆದುಕೊಳ್ಳುವಷ್ಟು ಬಿಗಿಯಾಗಿ. “ನಿಮ್ಮ ಅತ್ಯಾಗ ಈಗ ಮೈತುಂಬ ಕೆಲಸ ಅವ, ನನ್ನ ಹಂತೇಕ ಬಾ” ಎಂದರು. ಅತ್ಯಾ ಒಲೆಯ ಮುಂದೆ ಹೊಸ ಬಳೆಗಳನ್ನು ಮೊಳಕೈಗೆ ಸರಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ನಾನು ಹತ್ತಿರ ಹೋದರೆ, “ಹೊಗಿ ಅದ, ಹೊರಗ ಆಡು ಹೋಗವ್ವ” ಎನ್ನುತ್ತಿದ್ದಳು. ಯಾರ ಜೊತೆ ಆಡಲಿ?

ಮೂರನೆಯ ದಿನ ಚೀಟಿಯ ನೆನಪಾಯಿತು. ಪ್ಲೇಯರು ಟಿವಿಯ ಕೆಳಗಿನ ಗೂಡಿನಲ್ಲಿತ್ತು. ಮೇಲೆ ಎರಡು ಬೆರಳು ಧೂಳು. ಅತ್ಯಾ ತಾನೇ ಬಂದು ಸೆರಗಿನಿಂದ ಅದರ ಮುಖ ಒರೆಸಿದಳು. ನಾನು ಒಂದೊಂದೇ ಅಕ್ಷರ ಬಾಲ್‌ಪೆನ್ನಿನಿಂದ ಬರೆದುಕೊಂಡೆ: ಡಿವಿಡಿ, ವಿಸಿಡಿ, ಡಿವಿಡಿ ಮೈನಸ್ ಆರ್. ಅಷ್ಟೇ ಇತ್ತು.

“ಆ ಗೀಟು ಬರದೀ ಇಲ್ಲೋ?” ಅತ್ಯಾ ಬಗ್ಗಿ ನೋಡಿದಳು. “ಹಾಂ, ಬರೋಬರಿ ಅದ.”

ಅಷ್ಟರವರೆಗೆ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಐದನೆಯ ದಿನ, ಅಪ್ಪ ನನ್ನನ್ನು ಕರೆದೊಯ್ಯಲು ಬರುವ ಹೊತ್ತಿಗೆ ಸ್ವಲ್ಪ ಮುಂಚೆ, ನಾನು ಅಡಿಗೆಮನೆಗೆ ಹೋದೆ. ಅತ್ಯಾ ಹಾಲಿನ ಪಾತ್ರೆ ಹಿಡಿದು ಕೂತು ತಳದ ಕೆನೆ ಕೆರೆಯುತ್ತಿದ್ದಳು. ಸಕ್ಕರೆ ಬೆರೆಸಿದಳು. ನಾನು ಬಾಗಿಲಲ್ಲೇ ಬಾಯಿ ತೆರೆದು ನಿಂತೆ, ಆಟಕ್ಕೆ. ಅವಳು ನನ್ನನ್ನು ನೋಡಲಿಲ್ಲ. ಆಚೆ ಬದಿಗೆ ಮಣೆಯ ಮೇಲೆ ಕೂತಿದ್ದ ಶ್ರೀಧರ ಮಾಮಾನ ತಾಟಿನ ಅಂಚಿಗೆ ಅದನ್ನು ಬಡಿಸಿ, “ತಿಂದು ನೋಡ್ರಿ, ಸಣ್ಣಾಕಿದ್ದಾಗಿಂದ ನನಗ ಭಾಳ ಸೇರ್ತದ” ಎಂದಳು. ಅವರು ತಿಂದರು. ತಿಂದು ನಕ್ಕರು. ಅವಳೂ ನಕ್ಕಳು.

ಅವಳಿಗೆ ಸೇರುತ್ತಿತ್ತೇ? ಅಷ್ಟು ವರ್ಷ ತನಗೆ ಸೇರುವುದನ್ನು ನನ್ನ ಬಾಯಿಗಿಟ್ಟಳೇ ಎಂದು ಯೋಚಿಸುವಷ್ಟು ದೊಡ್ಡವಳು ನಾನಾಗಿರಲಿಲ್ಲ. ನನ್ನದನ್ನು ತೆಗೆದು ಅವರಿಗೆ ಕೊಟ್ಟಳು, ಅಷ್ಟೇ ನನಗೆ ಕಂಡದ್ದು. ಹೊಟ್ಟೆಯಲ್ಲಿ ಬೆಂಕಿ ಇಟ್ಟ ಹಾಗೆ ಆಗುವುದು ಎಂದು ದೊಡ್ಡವರು ಹೇಳುವುದನ್ನು ಕೇಳಿದ್ದೆ. ಅದು ಬರೀ ಹೇಳುವ ಮಾತಲ್ಲ, ನಿಜವಾಗಿಯೂ ಹೊಕ್ಕುಳದ ಮೇಲೆ ಉರಿಯುತ್ತದೆ ಎಂಬುದು ಅಂದು ಗೊತ್ತಾಯಿತು.

ಸೇಡಂವರೆಗೆ ಬಸ್ಸಿನಲ್ಲಿ, ಅಲ್ಲಿಂದ ಚಿತ್ತಾಪುರಕ್ಕೆ ರೈಲಿನಲ್ಲಿ ಬಂದೆವು. ಅಪ್ಪ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದ. ಮಳಖೇಡದ ಹತ್ತಿರ ಸಿಮೆಂಟ್ ಫ್ಯಾಕ್ಟರಿಯ ಚಿಮಣಿಗಳು ಕಂಡಾಗ ನಾನು ಚೀಟಿ ತೆಗೆದೆ. ನನ್ನ ತಲೆಯಲ್ಲಿ ಲೆಕ್ಕ ಭಾಳ ಸರಳವಾಗಿತ್ತು. ಪ್ಲಸ್ ಡಿಸ್ಕು ಅವರ ಪ್ಲೇಯರಿನಲ್ಲಿ ಓಡುವುದಿಲ್ಲ. ನಮ್ಮ ಪ್ಲೇಯರಿನಲ್ಲಿ ಓಡುತ್ತದೆ. ತನ್ನ ಮದುವೆ ನೋಡಬೇಕೆಂದರೆ ಅತ್ಯಾ ನಮ್ಮ ಮನೆಗೇ ಬರಬೇಕು. ಮತ್ತೆ ನೋಡಬೇಕೆನಿಸಿದರೆ ಮತ್ತೆ ಬರಬೇಕು. ಚೀಲದಲ್ಲಿದ್ದ ಪೆನ್ಸಿಲು ತೆಗೆದು ಆ ಅಡ್ಡಗೀಟಿನ ಮೇಲೆ ಒಂದು ನೆಟ್ಟನೆ ಗೀಟು ಎಳೆದೆ. ರೈಲು ಕುಲುಕುತ್ತಿದ್ದುದರಿಂದ ಗೀಟು ಸ್ವಲ್ಪ ಸೊಟ್ಟಾಯಿತು. ಆದರೂ ಪ್ಲಸ್ಸೇ.

ಊರು ಮುಟ್ಟಿದ ಮೇಲೆ ನಾನೊಬ್ಬಳೇ ಓಡಿಹೋಗಿ ಅಂಗಡಿಯಲ್ಲಿ ಚೀಟಿ ಕೊಟ್ಟೆ. ರಫೀಕ್ ಅದನ್ನು ನೋಡಿ ಖುಷಿಪಟ್ಟ. “ಪ್ಲಸ್ ಅದ ಏನು? ಅಚ್ಛಾ ಆತು, ಕಲಬುರ್ಗಿ ತಿರುಗಾಟ ತಪ್ಪಿತು. ಖರೇ ನೋಡೀದಿಲ್ಲೋ, ಬೇಟಿ?”

“ಖರೇನೇ ನೋಡೀನಿ, ಮಾಮಾ. ಅತ್ಯಾನೂ ನೋಡ್ಯಾಳ.”

ಅತ್ಯಾನ ಹೆಸರನ್ನು ಯಾಕೆ ಸೇರಿಸಿದೆನೋ! ಇಂದಿಗೂ ಆ ಸುಳ್ಳಿಗಿಂತ ಅದರೊಳಗೆ ಅವಳನ್ನು ಎಳೆದದ್ದು ನನಗೆ ಹೆಚ್ಚು ಚುಚ್ಚುತ್ತದೆ.

ಎರಡು ವಾರದ ಮೇಲೆ ಒಂದು ಭಾನುವಾರ ಅಪ್ಪ, ನಾನು ಡಿಸ್ಕು ತೆಗೆದುಕೊಂಡು ಸುಲೇಪೇಟಕ್ಕೆ ಹೋದೆವು. ಹೊರಡುವ ಮುಂಚೆ ನಮ್ಮ ಮನೆಯಲ್ಲಿ ಹಾಕಿ ನೋಡಿದ್ದೆವು. ಚೆಂದ ಓಡಿತ್ತು. ಅಪ್ಪ ಅದನ್ನು ಕೋರ್ಟಿನ ಕಾಗದಪತ್ರದ ಹಾಗೆ ಎರಡು ಲಕೋಟೆಯಲ್ಲಿಟ್ಟು ಎದೆಗೆ ಹಿಡಿದುಕೊಂಡಿದ್ದ. ಅಲ್ಲಿ ಗಂಗಾಬಾಯಿ ಅರ್ಧ ಓಣಿಯನ್ನೇ ಕರೆದಿದ್ದರು. ಜಮಖಾನೆ ಹಾಸಿತ್ತು. ಒಗ್ಗರಣೆ ಹಾಕಿದ ಚುರುಮುರಿ, ಮಿರ್ಚಿ ಭಜಿಯ ವಾಸನೆ ಬಾಗಿಲಿಗೇ ಬರುತ್ತಿತ್ತು. ಅತ್ಯಾ ಧಾರೆಯ ಸೀರೆಯನ್ನೇ ಉಟ್ಟು ಎಲ್ಲರಿಗೂ ಚಹಾ ಕೊಡುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಎಷ್ಟು ಅರಳಿತೆಂದರೆ, ಆ ಕ್ಷಣಕ್ಕೆ ಡಿಸ್ಕನ್ನು ಕಿಟಕಿಯಿಂದ ಆಚೆ ಒಗೆದುಬಿಡಲೇ ಎನಿಸಿತು.

ಶ್ರೀಧರ ಮಾಮಾ ಡಿಸ್ಕು ಹಾಕಿದರು. ಪ್ಲೇಯರು ಗರಗರ ಎಂದಿತು, ನಿಂತಿತು, ಮತ್ತೆ ಗರಗರ ಎಂದಿತು. ಅದರ ಸಣ್ಣ ಗಾಜಿನಲ್ಲಿ ‘ನೋ ಡಿಸ್ಕ್’ ಎಂದು ಹಸಿರು ಅಕ್ಷರ ಬಂತು. ತೆಗೆದರು, ಅಂಗಿಗೆ ಒರೆಸಿದರು, ಮತ್ತೆ ಹಾಕಿದರು. ಅದೇ ಅಕ್ಷರ. ನಾಲ್ಕನೆಯ ಸಲಕ್ಕೆ ಹಿಂದೆ ಕೂತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು.

“ಏನಿದು?” ಗಂಗಾಬಾಯಿ ಅಪ್ಪನನ್ನೇ ನೋಡಿ ಕೇಳಿದರು. “ಖಾಲಿ ತಾಟು ಕೊಟ್ಟು ಕಳಿಸ್ಯಾರೇನು? ನಾ ಎಲ್ಲಾರಿಗೂ ಕರದೀನಿ ಅಲ್ರಿ.”

ನಾನು ಯೋಚಿಸಿದ್ದು ಪ್ಲೇಯರಿನ ಬಗ್ಗೆ, ಡಿಸ್ಕಿನ ಬಗ್ಗೆ, ಅತ್ಯಾ ಬರುವುದರ ಬಗ್ಗೆ. ಇಷ್ಟು ಜನ ಕೂತಿರುತ್ತಾರೆ, ಅವರ ನಡುವೆ ಅಪ್ಪ ನಿಂತಿರುತ್ತಾನೆ ಎಂಬುದು ಹೊಳೆದಿರಲೇ ಇಲ್ಲ. ಅಪ್ಪ ಎದ್ದು ನಿಂತ. ಎರಡೂ ಕೈ ಜೋಡಿಸಿದ.

“ತಪ್ಪಾತ್ರಿ, ಬೀಗಿತಿಯವರ. ನಮ್ಮನ್ಯಾಗ ಹಾಕಿ ನೋಡೇ ತಂದಿದ್ದೆ. ಏನಾಗ್ಯದೋ ತಿಳೀವಲ್ದು. ಎಲ್ಲಾರೂ ಮಾಫ್ ಮಾಡ್ರಿ.” ಆಮೇಲೆ ನನ್ನ ಕಡೆ ತಿರುಗಿದ. “ವಿಜಿ, ನೀ ನೋಡಿ ಬರ್ಕೊಂಡು ಬಂದಿದ್ದೆಲ್ಲ? ಈ ಡಿಸ್ಕು ಪ್ಲಸ್ ಅದ, ನೀ ಇದ್ದದ್ದು ಇದ್ದಂಗೇ ಬರದಿದ್ದೆಲ್ಲ?”

ಎಲ್ಲರ ಕಣ್ಣೂ ನನ್ನ ಮೇಲೆ. ಹೌದೆಂದು ತಲೆ ಆಡಿಸಿದೆ.

ಅತ್ಯಾ ಕೈಯಲ್ಲಿದ್ದ ಚಹಾದ ತಾಟನ್ನು ಕೆಳಗಿಟ್ಟಳು. ಅವಳಿಗೆ ಗೊತ್ತಿತ್ತು. ಧೂಳು ಒರೆಸಿ, ಗೀಟು ಬರೋಬರಿ ಅದ ಎಂದವಳು ಅವಳೇ. ಅತ್ತ ಶ್ರೀಧರ ಮಾಮಾ ಮೊಳಕಾಲೂರಿ ಪ್ಲೇಯರಿನ ಮುಖಕ್ಕೆ ಮುಖ ಹಚ್ಚಿ ಅಲ್ಲಿನ ಅಕ್ಷರ ಓದುತ್ತಿದ್ದರು. ಓದಿ ತಲೆ ಎತ್ತಿದರು. ನನ್ನನ್ನು ನೋಡಿದರು, ಆಮೇಲೆ ಅತ್ಯಾಳನ್ನು ನೋಡಿದರು. ಅವಳು ಅವರನ್ನು ನೋಡಿದಳು. ಒಂದು ಉಸಿರಿನಷ್ಟು ಹೊತ್ತು.

“ಅಕೀಗೇನು ಕೇಳ್ತೀರಿ, ಅಣ್ಣಾರ?” ಮಾಮಾ ಎದ್ದು ಕೈ ಝಾಡಿಸಿಕೊಂಡರು. “ತಪ್ಪು ನಂದೇ ಅದ. ಆಮ್ಯಾಲೆ ನಾನೇ ರಫೀಕರಿಗೆ ಫೋನ್ ಮಾಡಿ ಪ್ಲಸ್ ಹಾಕ್ರಿ ಅಂದಿದ್ದೆ. ಓದೂದ್ರಾಗ ಎಡವಟ್ಟಾತು. ದನಗಳ ಕೂಡ ಇದ್ದು ಇದ್ದು ನನಗ ಮೈನಸ್ಸೂ ಪ್ಲಸ್ಸೂ ಒಂದೇ ಕಾಣಲಿಕತ್ತಾವ ನೋಡವ್ವಾ.”

ಹೆಂಗಸರು ಹೋ ಎಂದು ನಕ್ಕರು. ಗಂಗಾಬಾಯಿಯೂ “ಹುಚ್ಚ” ಎಂದು ಮಗನ ಬೆನ್ನಿಗೆ ಒಂದು ಗುದ್ದು ಹಾಕಿ ಭಜಿಯ ತಾಟು ಮುಂದೆ ತಳ್ಳಿದರು. ಅಪ್ಪ ಕೂತ. ಎಲ್ಲ ಸರಿಹೋಯಿತು.

ನನಗೆ ಆಗ ಬರಬೇಕಾದದ್ದು ಉಪಕಾರದ ಭಾವ. ಬರಲಿಲ್ಲ. ಹೊಟ್ಟೆಯ ಉರಿ ಇನ್ನೂ ಹೆಚ್ಚಿತು. ಅಲ್ಲಿಯವರೆಗೆ ಅತ್ಯಾ ಕಣ್ಣಲ್ಲೇ ಮಾತಾಡುತ್ತಿದ್ದದ್ದು ನನ್ನೊಬ್ಬಳ ಜೊತೆ. ಅಂದು ಅವಳು ಅವರ ಜೊತೆ ಮಾತಾಡಿದಳು. ಮದುವೆಯಾಗಿ ತಿಂಗಳೂ ತುಂಬದ ಆ ಇಬ್ಬರಿಗೆ ಹಂಚಿಕೊಳ್ಳಲು ಮೊದಲ ಗುಟ್ಟೊಂದನ್ನು ನಾನೇ ಕೈಯಾರೆ ಕೊಟ್ಟಿದ್ದೆ.

ಜನ ಹೋದ ಮೇಲೆ ಅತ್ಯಾ ನನ್ನನ್ನು ಹಿತ್ತಲಿಗೆ ಕರೆದಳು. ಬೈಯುತ್ತಾಳೆ, ಬೈದರೆ ಒಳ್ಳೆಯದು ಎಂದುಕೊಂಡೆ. ಅವಳು ಬೈಯಲಿಲ್ಲ.

“ಅಣ್ಣ ಕೈ ಮುಗುದ, ವಿಜಿ” ಎಂದಳು. “ನಮ್ಮಣ್ಣ ಯಾರ ಮುಂದೂ ಕೈ ಮುಗುದಾಂವ ಅಲ್ಲ.”

“ಇಲ್ಲಿ ಓಡಲಿಲ್ಲಂದ್ರ...” ನನಗೆ ಅಳು ಬಂತು. “ಓಡಲಿಲ್ಲಂದ್ರ ನೀ ನೋಡಲಿಕ್ಕೆ ನಮ್ಮನಿಗೆ ಬರ್ತಿದ್ದಿ ಅಲಾ.”

ಅವಳ ಕಣ್ಣೂ ತುಂಬಿದವು. ಕೈ ಚಾಚಿ ನನ್ನ ತಲೆ ಮುಟ್ಟುವುದರಲ್ಲಿದ್ದಳು. ಒಳಗಿನಿಂದ “ಸುಧಾ” ಎಂದು ಮಾಮಾ ಕರೆದರು. ಅಷ್ಟೇ. ಸೆರಗಿನಿಂದ ಕಣ್ಣು ಒತ್ತಿಕೊಂಡು, “ಬಂದೆ” ಎಂದು ಹೋದಳು. ನಾನು ಅಳುತ್ತಿರುವಾಗ ಅತ್ಯಾ ಎದ್ದುಹೋದದ್ದು ಅದೇ ಮೊದಲು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡು ದಿನ ಬಿಟ್ಟು ಅಪ್ಪ ನನ್ನನ್ನು ಜೊತೆಗೆ ಕರೆದುಕೊಂಡು ರಫೀಕನ ಅಂಗಡಿಗೆ ಹೋದ.

“ನಮ್ಮ ಶ್ರೀಧರರಾಯರು ನಿನಗ ಫೋನ್ ಮಾಡಿ ತಪ್ಪು ಹೇಳಿಬಿಟ್ಟಾರಪ. ಇನ್ನೊಂದು ಮೈನಸ್ ಮ್ಯಾಲೆ ಹಾಕಿ ಕೊಡು.”

ರಫೀಕ್ ಕಣ್ಣು ಕಿರಿದು ಮಾಡಿದ. “ನನಗ ಯಾರೂ ಫೋನ್ ಮಾಡಿಲ್ಲ, ಸರ್. ಬೇಟಿ ಚೀಟಿ ತಂದಿದ್ಲು. ನೋಡ್ರಿ, ಆರ್ಡರ್ ಬುಕ್ಕಿನಾಗೇ ಇಟ್ಟೀನಿ.” ಚೀಟಿ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟ.

ಅಪ್ಪನ ಕೆಲಸವೇ ದಿನವಿಡೀ ಕಾಗದ ನೋಡುವುದು. ಎಲ್ಲಿ ಅಕ್ಷರ ತಿದ್ದಿದೆ, ಎಲ್ಲಿ ಹೊಸ ಶಾಯಿ ಬಿದ್ದಿದೆ ಎಂದು ಅವನಿಗೆ ಯಾರೂ ತೋರಿಸಬೇಕಾಗಿರಲಿಲ್ಲ. ಅಡ್ಡಗೀಟು ನೀಲಿ, ನೆಟ್ಟನೆ ಗೀಟು ಪೆನ್ಸಿಲಿನದು. ಅಪ್ಪ ಚೀಟಿಯನ್ನು ಬೆಳಕಿಗೆ ಹಿಡಿದ. ಆಮೇಲೆ ಮಡಚಿ ಜೇಬಿನಲ್ಲಿಟ್ಟುಕೊಂಡ.

“ತಪ್ಪು ನಮ್ಮ ಕಡೀದೇ, ರಫೀಕ್. ನಿಂದೇನಿಲ್ಲ” ಎಂದ. “ಮೈನಸ್ ತರಿಸು.”

ರಫೀಕ್ ನನ್ನ ಮುಖ ನೋಡಿ, ಆರ್ಡರ್ ಬುಕ್ಕಿನಲ್ಲಿ ಮೈನಸ್ ಎಂದು ಬರೆದುಕೊಂಡ. ಅವನಿಗೂ ಗೊತ್ತಾಯಿತು ಅಂತ ಕಾಣುತ್ತದೆ.

ಮನೆಯ ದಾರಿಯಲ್ಲಿ ಅಪ್ಪ ಮುಂದೆ ಮುಂದೆ ನಡೆದ. ಬಿಸಿಲು ಇಳಿದಿತ್ತು, ಗಾಳಿಗೆ ಬಿಳಿಮಣ್ಣು ಏಳುತ್ತಿತ್ತು. ನಾನು ಅವನ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆಯುತ್ತಿದ್ದೆ. ಹೊಡೆತಕ್ಕೆ ಕಾಯುತ್ತ ಕಾಯುತ್ತ ಕಡೆಗೆ ನಾನೇ ಬಾಯಿಬಿಟ್ಟೆ. ರೈಲು, ಪೆನ್ಸಿಲು, ಕೆನೆ, ಅತ್ಯಾ ಬರಬೇಕಾಗಿದ್ದದ್ದು, ಎಲ್ಲ ಒಂದರ ಮೇಲೊಂದು ಹೇಳಿ ಅತ್ತೆ. ಅಪ್ಪ ನಿಂತ. ನನ್ನ ಕಡೆ ತಿರುಗಲಿಲ್ಲ.

“ನಿನಗ ಅತ್ಯಾ ಆಗೂಕಿಂತ ಮೊದಲ ಅಕಿ ನನಗ ತಂಗಿ ಅಲ್ಲೇನು?” ಎಂದ.

ನಾನು ಕಣ್ಣೊರೆಸಿಕೊಂಡೆ.

“ಇನ್ನೂ ಕೋರ್ಟಿನಿಂದ ಬಂದು ಬಾಗಿಲದಾಗೇ ‘ಸುಧಾ, ನೀರು’ ಅಂತೀನಿ. ನಿಮ್ಮಮ್ಮ ತಂದುಕೊಡ್ತಾಳ.” ಜೇಬಿನಲ್ಲಿದ್ದ ಚೀಟಿ ಮುಟ್ಟಿಕೊಂಡು, “ನಾ ಯಾವ ಚೀಟಿ ತಿದ್ದಲಿ ಹೇಳು” ಎಂದ.

ಆಮೇಲೆ ಕೈ ಹಿಂದಕ್ಕೆ ಚಾಚಿದ. ನಾನು ಓಡಿ ಹೋಗಿ ಹಿಡಿದುಕೊಂಡೆ.

ಹೊಸ ಡಿಸ್ಕನ್ನು ಸುಲೇಪೇಟಕ್ಕೆ ನಾನೇ ಒಯ್ದು ಕೊಡಬೇಕೆಂದು ಅಪ್ಪ ಹಟ ಹಿಡಿದ. ಕೊಟ್ಟೆ. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಹೋದದ್ದು ಅಲ್ಲಿ ಬಾಯಿಗೆ ಬರಲಿಲ್ಲ. ಮಾಮಾ ಡಿಸ್ಕನ್ನು ತಿರುಗಿಸಿ ನೋಡಿ, ಯಾರಿಗೂ ಕೇಳದ ಹಾಗೆ, “ಈ ಸಲ ನಮ್ಮ ಮನಿಗೆ ನಡಿಯೂದೇ ತಂದೀ ಏನವಾ?” ಎಂದರು. “ಹೂಂ” ಎಂದೆ. ಅಷ್ಟೇ ನಾವಿಬ್ಬರೂ ಆ ವಿಷಯ ಮಾತಾಡಿದ್ದು.

ಡಿಸ್ಕು ಓಡಿತು. ಮತ್ತೆ ಓಣಿಯವರು ಕೂಡಿದ್ದರು, ಮತ್ತೆ ಭಜಿ. ನಾನು ಬಾಗಿಲ ಬಳಿ ಕೂತು ನೋಡಿದೆ. ಅಕ್ಷತೆ ಬೀಳುವಾಗ ಮಾಮಾ ಅತ್ಯಾನ ಕಿವಿಯಲ್ಲಿ ಏನೋ ಹೇಳುತ್ತಾರೆ, ಅತ್ಯಾ ತಲೆ ತಗ್ಗಿಸಿ ನಗುತ್ತಾಳೆ. ಅವಳ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನು ಆ ನಗೆ ನೋಡಿರಲೇ ಇಲ್ಲ. ಅದು ನನಗೆ ಗೊತ್ತಿದ್ದ ಯಾವ ನಗೆಯೂ ಅಲ್ಲ. ಅದೇ ಹೊತ್ತಿಗೆ ಹಿಂದೆ, ಟಿವಿಯ ಒಂದು ಮೂಲೆಯಲ್ಲಿ, ಅಪ್ಪ ಎಲ್ಲರಿಗೂ ಬೆನ್ನು ಮಾಡಿ ಚಪ್ಪರದ ಕಂಬದ ಹಗ್ಗ ಬಿಗಿಯುತ್ತಿದ್ದ. ಬಿಗಿದ ಹಗ್ಗವನ್ನೇ ಬಿಚ್ಚಿ ಮತ್ತೆ ಬಿಗಿಯುತ್ತಿದ್ದ. “ನೋಡ್ರಿ, ತಂಗೀ ಮ್ಯಾಲೆ ಅಕ್ಷತಿ ಹಾಕೂದು ಬಿಟ್ಟು ಹಗ್ಗ ಕಟ್ಟಲಿಕತ್ತಾರ!” ಎಂದು ಯಾರೋ ನಕ್ಕರು. ನಾನು ನಗಲಿಲ್ಲ. ಅತ್ಯಾನೂ ನಗಲಿಲ್ಲ.

ನನ್ನ ಹೊಟ್ಟೆಕಿಚ್ಚು ಅಂದೇ ಆರಿತು ಎಂದರೆ ಸುಳ್ಳಾದೀತು. ನಾಗಪಂಚಮಿಗೆ ಅತ್ಯಾ ಬಂದಾಗ ಜೋಕಾಲಿಯಲ್ಲಿ ಮಾಮಾನನ್ನು ಕೂಡಿಸಲಿಲ್ಲ ನಾನು. ಅವಳ ಮಗ ಹುಟ್ಟಿದಾಗ ಒಂದು ವಾರ ಅವನ ತೊಟ್ಟಿಲ ಹತ್ತಿರ ಹೋಗಲಿಲ್ಲ. ಆಮೇಲೆ ಎಂದೋ, ಯಾವಾಗ ಎಂದು ನನಗೇ ಗೊತ್ತಿಲ್ಲದ ಹಾಗೆ, ಅದು ಇಲ್ಲವಾಯಿತು.

ಈಗ ಮದುವೆಗಳು ಫೋನಿಗೇ ಬಂದುಬಿಡುತ್ತವೆ. ಊಟದ ಪಂಕ್ತಿ ಏಳುವುದರೊಳಗೆ ಧಾರೆಯ ವಿಡಿಯೋ ಎಲ್ಲರ ಕೈಯಲ್ಲಿರುತ್ತದೆ. ಯಾರ ಮನೆಯಲ್ಲಿ ಯಾವುದು ನಡೆಯುತ್ತದೆ ಎಂದು ಯಾರೂ ಕೇಳಬೇಕಾಗಿಲ್ಲ. ಎಲ್ಲರ ಹತ್ತಿರವೂ ಎಲ್ಲವೂ ನಡೆಯುತ್ತದೆ. ರಫೀಕನ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿಯವರು ಕೂತಿದ್ದಾರೆ. ಅತ್ಯಾ ಚೆನ್ನಾಗಿದ್ದಾಳೆ. ಮದುವೆಯಾದ ಮೇಲೂ ಚಿತ್ತಾಪುರದಲ್ಲೇ ಉಳಿದ ನನ್ನ ಮನೆಗೆ ವರ್ಷಕ್ಕೆ ನಾಲ್ಕಾರು ಸಲ ಬರುತ್ತಾಳೆ, ಮಾಮಾನೂ ಬರುತ್ತಾರೆ. ಈಗ ಅವರೆಂದರೆ ನನಗೂ ಜೀವ. ಬಂದರೆ ಮನೆ ತುಂಬುತ್ತದೆ, ಹೊರಟರೆ “ಆಯ್ತು, ಮುಂದಿನ ಸಲ ಜಾಸ್ತಿ ದಿನ ಇರೂಹಾಂಗ ಬಾ” ಎಂದು ನಗುತ್ತ ಬೀಳ್ಕೊಡುತ್ತೇನೆ. ಎಲ್ಲಿಯೂ ಉರಿಯುವುದಿಲ್ಲ. ಒಬ್ಬರನ್ನು ಇಡಿಯಾಗಿ, ಯಾರಿಗೂ ಚೂರೂ ಬಿಡದ ಹಾಗೆ ನನಗೇ ಬೇಕು ಎನ್ನುವ ಧೈರ್ಯ ಆ ಹತ್ತು ವರ್ಷದ ಹುಡುಗಿಯ ಜೊತೆಗೇ ಹೋಯಿತು. ನನ್ನ ಗಂಡ, ನನ್ನ ಮಕ್ಕಳು, ಯಾರನ್ನೂ ಹಾಗೆ ಬೇಡಲು ನನ್ನಿಂದಾಗಲಿಲ್ಲ.

ಅಪ್ಪ ತೀರಿಹೋಗಿ ಆರು ವರ್ಷವಾಯಿತು. ಅವನಿದ್ದಾಗ, ಅತ್ಯಾ ಬಂದು ಹೊರಟಾಗಲೆಲ್ಲ ನಾವಿಬ್ಬರೂ ಅವಳನ್ನು ಬಸ್ಸು ಹತ್ತಿಸಿ, ಮನೆಗೆ ನಡೆದು ಬರುತ್ತಿದ್ದೆವು. ಬಸ್ಸು ಮರೆಯಾದ ಮೇಲೂ ಅವನು ಒಂದು ಗಳಿಗೆ ಅಲ್ಲೇ ನಿಲ್ಲುತ್ತಿದ್ದ, ನಾನೂ ನಿಲ್ಲುತ್ತಿದ್ದೆ. ಈಗಲೂ ಬಸ್ಸು ಹತ್ತಿಸಿ ಬರುತ್ತೇನೆ. ಆದರೆ ಜೊತೆಗೆ ನಿಲ್ಲುವವರಿಲ್ಲ, ಬೇಗ ಬಂದುಬಿಡುತ್ತೇನೆ.